ಸುಮಾರು ಅಂದ್ರೆ ಎಷ್ಟು

ಸರ್ವಮಂಗಳಾ ಟೀಚರ್ ಅವರ ವ್ಯಾನಿಟಿ ಬ್ಯಾಗಿನಲ್ಲಿ ಕನ್ನಡಕದ ಡಬ್ಬಿ, ವಿಭೂತಿಯ ಸಣ್ಣ ಭರಣಿ, ನಾಲ್ಕು ಪೆಪ್ಪರ್‌ಮೆಂಟು ಮತ್ತು ಒಂದು ಫೀಲರ್ ಗೇಜು ಇರುತ್ತಿದ್ದವು. ಫೀಲರ್ ಗೇಜು ನೋಡಲು ಮಡಚುವ ಚಾಕುವಿನಂಥದ್ದು. ಒಳಗೆ ಬೇರೆ ಬೇರೆ ದಪ್ಪದ ತೆಳ್ಳನೆಯ ಉಕ್ಕಿನ ಪಟ್ಟಿಗಳಿರುತ್ತವೆ, ಒಂದೊಂದರ ಮೇಲೂ ಅದರ ದಪ್ಪ ಕೆತ್ತಿರುತ್ತದೆ. ಕೂದಲೆಳೆ ತೂರುವಷ್ಟು ಸಂದಿಯನ್ನು ಅಳೆಯಲು ಮೆಕ್ಯಾನಿಕ್ಕುಗಳು ಅದನ್ನು ಇಟ್ಟುಕೊಂಡಿರಬೇಕು. ನಮ್ಮ ಶನಿವಾರಸಂತೆಯಲ್ಲಿ ಆಗ ಅದು ಇದ್ದದ್ದು ನಿವೃತ್ತ ಗಣಿತ ಶಿಕ್ಷಕಿಯೊಬ್ಬರ ಬ್ಯಾಗಿನಲ್ಲಿ. ಊರಿನ ಮೆಕ್ಯಾನಿಕ್ ಆದ ನನ್ನಲ್ಲಿ ಇರಲಿಲ್ಲ.

ನಾನು ಗ್ಯಾರೇಜು ತೆರೆದು ಎರಡು ವರ್ಷವಾಗಿತ್ತು. ಸೋಮವಾರಪೇಟೆ ರಸ್ತೆಯಲ್ಲಿ, ಮೊಯ್ದುಕಾಕನ ಪಂಕ್ಚರ್ ಅಂಗಡಿಯ ಪಕ್ಕ, ತಗಡಿನ ಮಾಡು, ಮುಂದೆ ಒಂದು ಬೆಂಚು. ಐಟಿಐ ಮುಗಿಸಿ ಹಾಸನದ ಒಂದು ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಕೈ ಕಪ್ಪು ಮಾಡಿಕೊಂಡು ಬಂದಿದ್ದ ನನಗೆ, ಇಂಜಿನ್ನಿನೊಳಗೆ ನಾನು ಕಾಣದ್ದು ಇನ್ನೇನೂ ಉಳಿದಿಲ್ಲ ಎಂಬ ನಂಬಿಕೆ ಇತ್ತು. ಊರಿನವರೂ ನಂಬಿದ್ದರು. ಬಾನೆಟ್ ಎತ್ತುವ ಮೊದಲೇ ನಾನು ತೊಂದರೆ ಏನೆಂದು ಹೇಳಿಬಿಡುತ್ತಿದ್ದೆ. ಹೇಳಿದ್ದು ತಪ್ಪಾದರೆ ಬಾನೆಟ್ ಎತ್ತಿದ ಮೇಲೆ ಇನ್ನೊಂದು ಹೇಳುತ್ತಿದ್ದೆ. ಗಿರಾಕಿಗಳು ಎರಡಕ್ಕೂ ಒಂದೇ ರೀತಿ ತಲೆಯಾಡಿಸುತ್ತಿದ್ದರು.

ಒಂದು ಬೆಳಿಗ್ಗೆ ಬೂದು ಬಣ್ಣದ ಕಾರೊಂದು, ಎದುರಿಗೆ ನರಪಿಳ್ಳೆ ಇಲ್ಲದಿದ್ದರೂ ಇಂಡಿಕೇಟರ್ ಹಾಕಿ, ಒಮ್ಮೆ ನಿಂತು, ಆಮೇಲೆ ನಿಧಾನವಾಗಿ ನನ್ನ ಅಂಗಳಕ್ಕೆ ತಿರುಗಿತು. ಇಂಡಿಕೇಟರ್ ಹಾಕುವವರು ಹೊರಗಿನವರೇ ಇರಬೇಕು ಎಂದು ನಾನು ಬೆಂಚಿನಿಂದ ಏಳಲಿಲ್ಲ. ಇಳಿದವರನ್ನು ನೋಡಿದ ಮೇಲೆ ಕಾಲುಗಳು ತಾವಾಗಿ ಎದ್ದು ನಿಂತವು. ಎಂಟನೆಯ ತರಗತಿಯಲ್ಲಿ ಒಂದು ಲೆಕ್ಕಕ್ಕೆ ‘ಸುಮಾರು ಹನ್ನೆರಡು’ ಎಂದು ಉತ್ತರ ಹೇಳಿದ್ದಕ್ಕೆ ಇದೇ ಸರ್ವಮಂಗಳಾ ಟೀಚರ್ ನನ್ನನ್ನು ಇಡೀ ಪೀರಿಯಡ್ಡು ಬೆಂಚಿನ ಮೇಲೆ ನಿಲ್ಲಿಸಿದ್ದರು. “ಸುಮಾರು ಅಂದ್ರೆ ಎಷ್ಟು?” ಎಂದು ಕೇಳಿದ್ದರು. ಆ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ನಿವೃತ್ತಿಯಾದ ವರ್ಷವೇ ಅವರು ಕಾರು ಕೊಂಡಿದ್ದರು. ಸಾವಿರದ ನೂರ ತೊಂಬತ್ತೇಳು ಸಿಸಿ, ನಾಲ್ಕು ಸಿಲಿಂಡರು, ಹದಿನಾರು ವಾಲ್ವು, ಪೆಟ್ರೋಲು. ಡ್ರೈವಿಂಗ್ ಕಲಿತದ್ದೂ ಆಗಲೇ. ಇವರಿಗೆ ಕಲಿಸಿದ ಡ್ರೈವಿಂಗ್ ಸ್ಕೂಲಿನವನು, ಆಮೇಲೆ ಆರು ತಿಂಗಳು ತಾನು ಕಾರು ಓಡಿಸುವಾಗಲೂ ಎರಡೆರಡು ಸಲ ಕನ್ನಡಿ ನೋಡುತ್ತಿದ್ದೆ ಎಂದು ನನ್ನಲ್ಲಿ ದೂರಿದ್ದಾನೆ. ಕಾರಿನ ಜೊತೆ ಬರುವ ಕೈಪಿಡಿಯನ್ನು ನಮ್ಮ ಕಡೆ ಯಾರೂ ಬಿಡಿಸಿ ನೋಡುವುದಿಲ್ಲ. ಅದು ಪ್ಲಾಸ್ಟಿಕ್ ಕವರಿನಲ್ಲಿ ಡ್ಯಾಶ್‌ಬೋರ್ಡಿನೊಳಗೆ ಮಲಗಿದ್ದು ಗಾಡಿಯ ಜೊತೆಗೇ ಎರಡನೆಯ ಯಜಮಾನನಿಗೆ ಹೋಗುತ್ತದೆ. ಟೀಚರ್ ಅದಕ್ಕೆ ಕಂದು ಕಾಗದದ ಬೈಂಡು ಹಾಕಿ ಲೇಬಲ್ ಅಂಟಿಸಿದ್ದರು. ಹೆಸರು: ಸರ್ವಮಂಗಳಾ ಪಂಚಾಕ್ಷರಪ್ಪ. ವಿಷಯ: ಕಾರು.

ಅದರ ಜೊತೆಗೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು. ಗೆರೆ ಎಳೆದು ಕಾಲಂ ಮಾಡಿದ್ದರು: ತಾರೀಖು, ಕಿಲೋಮೀಟರ್, ಹೋದ ಉದ್ದೇಶ, ಮಾಡಿದ ಕೆಲಸ, ಕೆಲಸ ಮಾಡಿದವರ ಸಹಿ. ಮೆಕ್ಯಾನಿಕ್ಕನ ಸಹಿ ಕೇಳಿದ ಗಿರಾಕಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ದಿನ ಸ್ಪಾರ್ಕ್ ಪ್ಲಗ್ಗು ಬದಲಾಯಿಸಿ ಎಣ್ಣೆ ಹಾಕಬೇಕಿತ್ತು. ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುವ ಸಂದಿಯನ್ನು ನಾನು ಕಣ್ಣಳತೆಯಲ್ಲೇ ಬಗ್ಗಿಸಿ ಕೂರಿಸುತ್ತಿದ್ದೆ. ಟೀಚರ್ ಬೆಂಚಿನ ಮೇಲೆ ಕೂತು ನೋಡುತ್ತಿದ್ದವರು ಗ್ಯಾಪ್ ಎಷ್ಟಿಟ್ಟೆ ಎಂದು ಕೇಳಿದರು. ಸರಿಯಾಗಿಯೇ ಇಟ್ಟಿದ್ದೇನೆ ಎಂದೆ. ಅವರು ಬ್ಯಾಗಿನಿಂದ ಗೇಜು ತೆಗೆದು, ಸೆರಗಿನಲ್ಲಿ ಒರೆಸಿ, ನಾಲ್ಕೂ ಪ್ಲಗ್ಗಿನ ಸಂದಿಗೆ ಪಟ್ಟಿ ತೂರಿಸಿ ನೋಡಿದರು. ಕೈಪಿಡಿಯಲ್ಲಿ ಇದ್ದದ್ದು ಒಂದರಿಂದ ಒಂದು ಪಾಯಿಂಟ್ ಒಂದು ಮಿಲಿಮೀಟರು. ನನ್ನ ನಾಲ್ಕು ಪ್ಲಗ್ಗಿನಲ್ಲಿ ನಾಲ್ಕು ಅಳತೆ. ಒಂದಂತೂ ಒಂದು ಪಾಯಿಂಟ್ ನಾಲ್ಕಕ್ಕೆ ಬಾಯಿ ತೆರೆದುಕೊಂಡಿತ್ತು.

“ಒಂದೇ ಅಪ್ಪ ಅಮ್ಮನ ಮಕ್ಕಳ ಥರ ಇಲ್ಲ ಕಣೋ ಲೋಕೇಶ” ಎಂದರು.

ಬೆಂಚಿನಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಒಬ್ಬರು ನಕ್ಕರು, ಇನ್ನೊಬ್ಬರು ಹಿಂದಿನ ವಾರ ನನ್ನಿಂದ ಪ್ಲಗ್ಗು ಹಾಕಿಸಿಕೊಂಡವರು, ನಗಲಿಲ್ಲ. ಎಣ್ಣೆಯ ವಿಷಯದಲ್ಲೂ ಇದೇ ಆಯಿತು. ಫಿಲ್ಟರು ಸೇರಿ ಮೂರು ಲೀಟರ್ ನೂರು ಮಿಲಿ ಎಂದು ಕೈಪಿಡಿ ಹೇಳುತ್ತಿತ್ತು. ನಾನು ಮೂರೂವರೆ ಲೀಟರಿನ ಡಬ್ಬಿಯನ್ನು ಪೂರ್ತಿ ಸುರಿದೆ. ಉಳಿಸಿ ಏನು ಮಾಡುವುದು. ಒಂದಿಷ್ಟು ಹೆಚ್ಚಾದರೆ ಇಂಜಿನ್ನಿಗೆ ಒಳ್ಳೆಯದೇ ಅಲ್ಲವೇ ಎಂದು ಸಮಾಧಾನ ಹೇಳಿದೆ. ಅವರು ಎದ್ದು ಬಂದು, ಹೆಚ್ಚಾದ ಎಣ್ಣೆಯನ್ನು ಒಳಗಿನ ಕ್ರ್ಯಾಂಕು ಮಜ್ಜಿಗೆಯ ಹಾಗೆ ಕಡೆಯುತ್ತದೆ, ನೊರೆಯನ್ನು ಪಂಪು ಎತ್ತಲಾರದು, ಎತ್ತದಿದ್ದರೆ ಬೇರಿಂಗು ಒಣಗುತ್ತದೆ ಎಂದು, ತ್ರಿಭುಜದ ಸೂತ್ರ ಹೇಳಿದ ಅದೇ ದನಿಯಲ್ಲಿ ಬಿಡಿಸಿ ಹೇಳಿದರು. “ಮಾತ್ರೆ ಒಂದು ಹೆಚ್ಚಿಗೆ ತಗೊಂಡ್ರೆ ಬೇಗ ವಾಸಿಯಾಗ್ತದಾ?” ಎಂದರು. ನಾನು ಕಾರಿನಡಿ ಮಲಗಿ ನಾನೂರು ಮಿಲಿ ಇಳಿಸಿ, ಎದ್ದು ಬಂದು ನೋಟ್‌ಬುಕ್ಕಿಗೆ ಸಹಿ ಹಾಕಿದೆ. ಮರುದಿನವೇ ಹಾಸನಕ್ಕೆ ಹೋಗಿ ಒಂದು ಫೀಲರ್ ಗೇಜು ತಂದೆ. ಊರಿನಲ್ಲಿ ಯಾರಿಗೂ ಹೇಳಲಿಲ್ಲ.

ಮುಂದಿನ ಸಲ ಬಂದಾಗ ಅವರ ಪ್ರಶ್ನೆ ಟಾರ್ಕ್ ರೆಂಚಿನ ಬಗ್ಗೆ. ಬೋಲ್ಟನ್ನು ಎಷ್ಟು ಬಿಗಿಯಬೇಕೋ ಅಷ್ಟಾದ ಕೂಡಲೆ ಕಟಕ್ಕೆಂದು ಸದ್ದು ಮಾಡಿ ತಿಳಿಸುವ ಸ್ಪ್ಯಾನರು ಅದು. ನನಗೆ ಅದು ಬೇಡ, ಬಿಗಿ ನನ್ನ ಕೈಗೇ ಗೊತ್ತು ಎಂದೆ. ಕೈ ಬೆಳಿಗ್ಗೆ ಒಂದು ಥರ, ಊಟವಾದ ಮೇಲೆ ಒಂದು ಥರ ಇರುವುದಿಲ್ಲವೇ ಎಂದು ಕೇಳಿದರು. ಇಲ್ಲ ಎಂದೆ. ಅವರು ಜಗಳಕ್ಕೆ ಬರಲಿಲ್ಲ. ಅದಾಗಿ ಎರಡು ವಾರಕ್ಕೆ, ಗಟ್ಟಿ ಊಟ ಮಾಡಿ ಬಂದ ಒಂದು ಮಧ್ಯಾಹ್ನ, ಒಬ್ಬ ಪ್ಲಾಂಟರ ಕಾರಿಗೆ ಪ್ಲಗ್ಗು ಬಿಗಿಯುವಾಗ ಇಂಜಿನ್ನಿನ ಮೇಲ್ಭಾಗದ ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ಡೇ ಕಿತ್ತು ಬಂತು. ಹೆಡ್ಡು ಬಿಚ್ಚಿ ಹಾಸನಕ್ಕೆ ಹೊತ್ತುಕೊಂಡು ಹೋಗಿ ಸರಿಮಾಡಿಸಿ ತಂದೆ. ಬರುವಾಗ ಟಾರ್ಕ್ ರೆಂಚನ್ನೂ ತಂದೆ. ಟೀಚರ್ ಅದನ್ನು ಗೋಡೆಯಲ್ಲಿ ನೇತುಹಾಕಿದ್ದು ನೋಡಿ, ಎಲ್ಲಿಂದ ತಂದೆ ಎಂದು ಮಾತ್ರ ಕೇಳಿದರು, ಯಾಕೆ ತಂದೆ ಎಂದು ಕೇಳಲಿಲ್ಲ. ಮೊಯ್ದುಕಾಕ ಆಗಲೇ ಎಲ್ಲವನ್ನೂ ಹೇಳಿ ಮುಗಿಸಿದ್ದ ಎಂದು ಆಮೇಲೆ ಗೊತ್ತಾಯಿತು.

ಆ ಕಾಲಕ್ಕೆ ನಮ್ಮ ಕಡೆ ಪೆಟ್ರೋಲ್ ಕಾರಿಗೆ ಮರ್ಯಾದೆ ಇರಲಿಲ್ಲ. ಕೊಡಗಿನ ಏರಿಗೆ ಡೀಸೆಲ್ ಇಂಜಿನ್ನೇ ಬೇಕು, ಪೆಟ್ರೋಲಿನದು ಪೇಟೆಯಲ್ಲಿ ಗಾಳಿ ತಿನ್ನಲಿಕ್ಕೆ ಎಂದು ಬೆಂಚಿನ ಮೇಲೆ ಕೂತವರೆಲ್ಲ ಹೇಳುವವರೇ. ಟೀಚರ್ ವಾದ ಮಾಡುತ್ತಿರಲಿಲ್ಲ, ಕೇಳುತ್ತಿದ್ದರು. ನಿಮ್ಮ ಗಾಡಿ ವರ್ಷಕ್ಕೆ ಎಷ್ಟು ಓಡುತ್ತದೆ, ಚಳಿಯಲ್ಲಿ ಎಷ್ಟನೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಇಂಜೆಕ್ಟರು ಎಷ್ಟು ಸಲ ಹೋಗಿದೆ. ಉತ್ತರ ಯಾರಲ್ಲೂ ಇರುತ್ತಿರಲಿಲ್ಲ. ಎಲ್ಲರದೂ ‘ಏನೋ ಸುಮಾರಾಗಿ ಓಡ್ತದೆ’. ಅವರ ಕಾರು ಲಕ್ಷ ಕಿಲೋಮೀಟರು ದಾಟಿ, ಒಂದು ದಿನವೂ ಕೈ ಕೊಡದೆ, ಹೊಸ ಹೊಲಿಗೆ ಯಂತ್ರದ ಹಾಗೆ ಸದ್ದು ಮಾಡುತ್ತಿದ್ದಾಗ ಊರು ಒಂದು ತೀರ್ಮಾನಕ್ಕೆ ಬಂತು: ಟೀಚರ್‌ಗೆ ಅದೃಷ್ಟ, ಕಂಪನಿಯವರು ಒಳ್ಳೆ ಪೀಸು ಕೊಟ್ಟಿದ್ದಾರೆ.

ಲಕ್ಷ ಕಿಲೋಮೀಟರು ಹೇಗಾಯಿತು ಎಂಬುದಕ್ಕೂ ಊರಿನಲ್ಲಿ ಕತೆ ಇತ್ತು. ಪ್ರತಿ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಐದೂವರೆಗೆ ಆ ಕಾರು ಸೋಮವಾರಪೇಟೆ ಕಡೆಗೆ ಹೋಗುತ್ತಿತ್ತು. ಚಾಲಕನ ಸೀಟಿನಲ್ಲಿ ಟೀಚರ್, ಪಕ್ಕದಲ್ಲಿ ಅವರ ಗಂಡ ಪಂಚಾಕ್ಷರಪ್ಪನವರು. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಮಾತು ಕಡಿಮೆ. ಸ್ವೆಟರು, ಮಫ್ಲರು, ಮಡಿಲಲ್ಲಿ ಒಂದು ಫ್ಲಾಸ್ಕು. ಮಧ್ಯಾಹ್ನ ವಾಪಸು ಬರುವಾಗ ಅವರು ತಲೆ ವಾಲಿಸಿ ನಿದ್ದೆ ಮಾಡುತ್ತಿರುತ್ತಿದ್ದರು. ಅಂಗಡಿ ತೆರೆಯಲು ಬೇಗ ಬರುತ್ತಿದ್ದ ಮೊಯ್ದುಕಾಕ ಇದನ್ನು ಮೊದಲು ಗಮನಿಸಿದವನು.

“ಟೀಚರ್ ಇವತ್ತೂ ಟೂರ್ ಹೋಯ್ತು” ಎಂದು ನನಗೆ ವರದಿ ಕೊಡುತ್ತಿದ್ದ. “ಪೆನ್ಶನ್ ಬಂದ ಮೇಲೆ ಜೀವನ ಅಂದ್ರೆ ಹಂಗಿರಬೇಕು ನೋಡು ಲೋಕೇಶಾ. ಇನ್ನು ಮಡಿಕೇರಿಯಲ್ಲಿ ಅವರು ನೋಡದ ಜಾಗ ಎಲ್ಲಿ ಉಂಟು?”

ನಾವೂ ನಕ್ಕೆವು. ವಾರಕ್ಕೆ ಎರಡು ಸಲ ಗಂಡನನ್ನು ಕಾರಿನಲ್ಲಿ ಕೂರಿಸಿಕೊಂಡು ಸುತ್ತುವ ಟೀಚರ್ ಊರಿಗೆ ಒಂದು ತಮಾಷೆಯಾದರು. ನೋಟ್‌ಬುಕ್ಕಿನಲ್ಲಿ ‘ಉದ್ದೇಶ’ ಎಂಬ ಕಾಲಂನಲ್ಲಿ ಮಂಗಳವಾರ, ಶುಕ್ರವಾರ ‘ಮ.’ ಎಂದು ಒಂದೇ ಅಕ್ಷರ ಇರುತ್ತಿದ್ದುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಮಡಿಕೇರಿ ಎಂದುಕೊಂಡು ಕೆಳಗೆ ಸಹಿ ಹಾಕುತ್ತಿದ್ದೆ.

ಈಗ ನನ್ನ ಸಹಿಯ ವಿಷಯ ಹೇಳಬೇಕು.

ಕಾಫಿ ಪಿಕ್ಕಿಂಗ್ ಸಮಯ. ಎಸ್ಟೇಟುಗಳ ಜೀಪು, ಪಿಕಪ್ಪುಗಳು ನನ್ನ ಅಂಗಳ ತುಂಬಿ ರಸ್ತೆಯವರೆಗೆ ನಿಂತಿದ್ದವು. ಒಂದೊಂದರ ಹಿಂದೆಯೂ ಎಸ್ಟೇಟಿನ ಲೆಕ್ಕ ಬರೆಯುವ ಒಬ್ಬ ರೈಟರು ನಿಂತು ಅವಸರ ಮಾಡುತ್ತಿದ್ದ. ಅದೇ ವಾರ ಟೀಚರ್ ಕಾರಿನ ಕೂಲಂಟ್ ಬದಲಾಯಿಸುವ ಸರದಿ. ಇಂಜಿನ್ನನ್ನು ತಣ್ಣಗಿಡುವ ಹಸಿರು ನೀರು ಅದು. ಕಾಲಕಾಲಕ್ಕೆ ಹಳೆಯದನ್ನು ಇಳಿಸಿ ಹೊಸದು ತುಂಬಬೇಕು. ಟೀಚರ್ ಅವತ್ತು ಕಾಯಲಿಲ್ಲ. ಮನೆಯಲ್ಲಿ ಕೆಲಸವಿದೆ, ಸಂಜೆ ಬರುತ್ತೇನೆ ಎಂದು ಕೀ ಕೊಟ್ಟು ನಡೆದುಕೊಂಡು ಹೋದರು. ಅವರು ಬೆಂಚಿನಲ್ಲಿ ಕೂರದೆ ಹೋದದ್ದು ಅದೇ ಮೊದಲು. ನಾನು ಎಣ್ಣೆ ಬದಲಾಯಿಸಿದೆ, ಏರ್ ಫಿಲ್ಟರು ಬದಲಾಯಿಸಿದೆ. ಕೂಲಂಟ್ ಡಬ್ಬಿಯ ಮುಚ್ಚಳ ತೆಗೆದು ಬೆರಳದ್ದಿ ನೋಡಿದೆ. ಹಸಿರಾಗಿಯೇ ಇದೆ, ಇನ್ನೊಂದು ವರ್ಷಕ್ಕೆ ಏನೂ ಆಗುವುದಿಲ್ಲ ಎಂದು ನನ್ನ ಅನುಭವ ಹೇಳಿತು. ಮುಚ್ಚಳ ಹಾಕಿದೆ. ಸಂಜೆ ಅವರು ಬಂದಾಗ ನೋಟ್‌ಬುಕ್ಕಿನಲ್ಲಿ ‘ಕೂಲಂಟ್ ಬದಲಾಯಿಸಿದೆ’ ಎಂದು ಗುಂಡಗೆ ಬರೆದು ಸಹಿ ಹಾಕಿದೆ. ನನ್ನ ಅಕ್ಷರ ಸುಧಾರಿಸಿದೆ ಎಂದು ಟೀಚರ್ ಹೊಗಳಿದರು.

ಹತ್ತು ದಿನ ಕಳೆದಿರಬಹುದು. ಒಂದು ಶುಕ್ರವಾರ ಬೆಳಿಗ್ಗೆ ಏಳು ಗಂಟೆಗೆ ಫೋನು ಬಂತು. ಟೀಚರ್ ದನಿಯಲ್ಲಿ ಏರಿಳಿತವೇ ಇರಲಿಲ್ಲ.

“ಲೋಕೇಶ, ಗಾಡಿ ಹಟ್ಟಿಹೊಳೆ ದಾಟಿ ಏರಿನಲ್ಲಿ ಎರಡನೇ ತಿರುವಿನ ಎಡಕ್ಕೆ ನಿಂತಿದೆ. ಟೆಂಪರೇಚರ್ ಸೂಜಿ ಅರ್ಧ ದಾಟ್ತು, ನಿಲ್ಸಿದೆ. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಿದ್ದೀನಿ. ಹೋದ ತಕ್ಷಣ ಕ್ಯಾಪ್ ತೆಗೀಬೇಡ, ಕೈ ಸುಟ್ಕೊಳ್ತೀಯ. ಕೀ ನನ್ ಹತ್ರ ಇದೆ, ನಾವು ಮಡಿಕೇರಿಗೆ ಹೋಗ್ತಾ ಇದ್ದೀವಿ.”

ಹೇಗೆ ಹೋಗುತ್ತಿದ್ದೀರಿ ಎಂದು ಕೇಳಿದೆ. ಒಂದು ಎಸ್ಟೇಟಿನ ಪಿಕಪ್ಪು ಸಿಕ್ಕಿತು ಎಂದು ಫೋನು ಇಟ್ಟರು.

ಮೊಯ್ದುಕಾಕನ ಜೀಪು ತೆಗೆದುಕೊಂಡು ಹೋದೆ. ಕಾರು ಅವರು ಹೇಳಿದ ತಿರುವಿನಲ್ಲಿ, ಹೇಳಿದ ಕಡೆಯಲ್ಲಿ, ಕೆಂಪು ತ್ರಿಕೋನದ ಫಲಕವನ್ನು ಹಿಂದಿಟ್ಟುಕೊಂಡು ನಿಂತಿತ್ತು. ಬಾನೆಟ್ಟಿನ ಲಾಕನ್ನು ಅವರೇ ಎಳೆದು ಹೋಗಿದ್ದರು. ಇಂಜಿನ್ನಿನ ಕೆಳಗೆ ನೆಲ ಒದ್ದೆ. ರೇಡಿಯೇಟರಿನ ಕೆಳಗಿನ ರಬ್ಬರ್ ಹೋಸು, ಕ್ಲಾಂಪಿನ ಬುಡದಲ್ಲಿ ಸುತ್ತಲೂ ಬಿರುಕು ಬಿಟ್ಟಿತ್ತು. ಒಂದೇ ದಿನದಲ್ಲಿ ಬರುವ ಬಿರುಕಲ್ಲ ಅದು, ತಿಂಗಳುಗಟ್ಟಲೆಯದು. ಹಳೆ ಕೂಲಂಟ್ ಇಳಿಸಬೇಕಾದರೆ ಆ ಹೋಸನ್ನು ಬಿಚ್ಚಲೇಬೇಕು. ಬಿಚ್ಚಿದವನು ಕುರುಡನಾದರೂ ಬಿರುಕು ಕೈಗೆ ಸಿಗುತ್ತಿತ್ತು. 

ಇಂಜಿನ್ನಿಗೆ ಏನೂ ಆಗಿರಲಿಲ್ಲ. ನನ್ನ ಬೇರೆ ಗಿರಾಕಿಗಳಾಗಿದ್ದರೆ ಸೂಜಿ ಕೆಂಪಿಗೆ ಹೋಗಿ, ಹೊಗೆ ಎದ್ದು, ವಾಸನೆ ಬಂದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಕಂಪನಿಯನ್ನು ಬೈಯುತ್ತಿದ್ದರು. ಹೆಡ್ಡು ಬಾಗಿ, ಗ್ಯಾಸ್ಕೆಟ್ಟು ಸುಟ್ಟು, ತಿಂಗಳ ಕೆಲಸವಾಗುತ್ತಿತ್ತು. ಟೀಚರ್ ಸೂಜಿ ಅರ್ಧ ದಾಟಿದ ಕೂಡಲೆ ನಿಲ್ಲಿಸಿದ್ದರು. ಪಕ್ಕದಲ್ಲಿ ಎಂಥ ಅವಸರ ಕೂತಿತ್ತು ಎಂಬುದು ನನಗೆ ಆಗ ಗೊತ್ತಿರಲಿಲ್ಲ.

ಕೀ ತರಲು ಮಡಿಕೇರಿಗೆ ಹೋಗಬೇಕಿತ್ತು. ಎಲ್ಲಿದ್ದೀರಿ ಎಂದು ಫೋನು ಮಾಡಿದರೆ ಆಸ್ಪತ್ರೆಯ ಹೆಸರು ಹೇಳಿದರು. ಯಾರನ್ನೋ ನೋಡಲು ಹೋಗಿರಬೇಕು ಎಂದುಕೊಂಡೆ. ಹಿಂದಿನ ಕಟ್ಟಡದ ಒಂದು ಉದ್ದನೆಯ ಕೋಣೆ. ಗಾಜಿನ ಬಾಗಿಲಾಚೆ ಸಾಲು ಮಂಚ, ಪ್ರತಿ ಮಂಚದ ಪಕ್ಕ ಒಂದು ಯಂತ್ರ, ಯಂತ್ರದೊಳಗೆ ಕೆಂಪು ನಳಿಕೆಗಳು ತಿರುಗುತ್ತಿದ್ದವು. ಮೂರನೆಯ ಮಂಚದಲ್ಲಿ ಪಂಚಾಕ್ಷರಪ್ಪನವರು ಸ್ವೆಟರಿನ ಒಂದು ತೋಳು ಬಿಚ್ಚಿ ಮಲಗಿದ್ದರು. ಟೀಚರ್ ಹೊರಗಿನ ಬೆಂಚಿನಲ್ಲಿ ಫ್ಲಾಸ್ಕು ಹಿಡಿದು ಕೂತಿದ್ದರು. ಪಿಕಪ್ಪಿನ ಹಿಂದುಗಡೆ ಪಿಕ್ಕಿಂಗಿನ ಹೆಂಗಸರ ಜೊತೆ ಕೂತು ಬಂದಿದ್ದರಿಂದ ಸೀರೆಗೆಲ್ಲ ಧೂಳು ಮೆತ್ತಿತ್ತು. ಗಂಡನನ್ನು ಮುಂದೆ ಡ್ರೈವರ್ ಪಕ್ಕ ಕೂರಿಸಿದ್ದರಂತೆ.

ಮೂರು ವರ್ಷದಿಂದ ಕಿಡ್ನಿ ಎರಡೂ ಕೆಲಸ ಮಾಡುತ್ತಿರಲಿಲ್ಲ. ವಾರಕ್ಕೆ ಎರಡು ಸಲ ರಕ್ತ ಶುದ್ಧಿ ಮಾಡಿಸಬೇಕು. ಏಳೂವರೆಗೆ ಅವರ ಪಾಳಿ; ತಪ್ಪಿದರೆ ಹಿಂದಿನ ಸಾಲಿನವರು ಮುಂದೆ ಬರುತ್ತಾರೆ, ಅದು ಅವರ ತಪ್ಪಲ್ಲ. ಅವತ್ತು ತಲುಪಿದ್ದು ಎಂಟೂಮುಕ್ಕಾಲಿಗೆ. ನರ್ಸು ಪಾಪ ಹೇಗೋ ಹೊಂದಿಸಿ ಎರಡು ಗಂಟೆಯ ಹೊತ್ತು ಮಾತ್ರ ಕೊಟ್ಟಿದ್ದರು. ನಾಲ್ಕು ಗಂಟೆ ಬೇಕಿತ್ತು. ಇದನ್ನೆಲ್ಲ ಟೀಚರ್ ಸಮಯಪಟ್ಟಿ ಓದಿದ ಹಾಗೆ ಹೇಳಿದರು. ಊರಿನಲ್ಲಿ ಯಾಕೆ ಯಾರಿಗೂ ಹೇಳಿಲ್ಲ ಎಂದು ಕೇಳಿದೆ.

“ಹೇಳಿದ್ರೆ ಎಲ್ರೂ ಬಂದು ಪಾಪ ಅಂತಾರೆ. ನಮ್ಮನೆಯವರಿಗೆ ಅದು ಆಗಲ್ಲ. ಟೂರ್ ಅಂದ್ಕೊಂಡ್ರೆ ಅಂದ್ಕೊಳ್ಳಲಿ, ಅವರಿಗೂ ಅದೇ ಇಷ್ಟ.”

ಹೋಸಿನ ವಿಷಯ ನಾನಾಗಿ ಹೇಳಲಿಲ್ಲ. ಹೇಳುವ ಮೊದಲೇ ಅವರು ಕೇಳಿದರು, ಸೋರಿದ ನೀರಿನ ಬಣ್ಣ ಯಾವುದಿತ್ತು ಎಂದು. ಹಸಿರು ಎಂದೆ. ಎಂಥ ಹಸಿರು ಎಂದರು. ಹೊಸದಾಗಿದ್ದರೆ ಎಳೆ ಹಸಿರು ಇರಬೇಕು. ಅವರು ನಿಲ್ಲಿಸಿದಾಗ ಬಗ್ಗಿ ನೋಡಿದ್ದು ಕೆಸರಿನ ಹಸಿರು.  ಅವರು ಬ್ಯಾಗಿನಿಂದ ನೋಟ್‌ಬುಕ್ಕು ತೆಗೆದು ಆ ಪುಟ ಬಿಡಿಸಿ, ಪೆನ್ನು ಕೊಟ್ಟರು. ಹೊಡೆದು ಹಾಕಬೇಡ, ಕೆಳಗಿನ ಸಾಲಿನಲ್ಲಿ ನಡೆದದ್ದನ್ನು ಬರೆ ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಮೂವತ್ತೊಂದು ವರ್ಷದ ಗಂಡಸು ನಾನು, ಬರೆದೆ: ‘ಕೂಲಂಟ್ ಬದಲಾಯಿಸಿರಲಿಲ್ಲ. ಬದಲಾಯಿಸಿದೆ ಎಂದು ಸುಳ್ಳು ಬರೆದೆ.’ ಸಹಿ ಹಾಕಿದೆ. ಅವರು ಓದಿ, ‘ಬದಲಾಯಿಸಿರಲಿಲ್ಲ’ ಎಂಬುದರಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನು ತಿದ್ದಿ, ಬ್ಯಾಗಿಗೆ ಹಾಕಿಕೊಂಡರು.

ಆ ಶನಿವಾರ, ಭಾನುವಾರ ಪಂಚಾಕ್ಷರಪ್ಪನವರಿಗೆ ಮಲಗಲು ಆಗಲಿಲ್ಲ. ಉಸಿರು ಕಟ್ಟುತ್ತಿತ್ತು, ದಿಂಬಿಗೆ ಒರಗಿ ಕೂತೇ ಇದ್ದರು. ಹೊಸ ಹೋಸು ಹಾಕಿದ ಕಾರನ್ನು ಬಿಡಲು ಭಾನುವಾರ ಮನೆಗೆ ಹೋದಾಗ ನಾನೇ ನೋಡಿದೆ. ಅವರು ನನ್ನನ್ನು ಕಂಡು ಕೈಯೆತ್ತಿ, ಕೂರು ಎಂದು ಸನ್ನೆ ಮಾಡಿ, ಏನೋ ಹೇಳಲು ಹೊರಟು, ಉಸಿರು ಸಾಲದೆ ನಕ್ಕರು. ಮಂಗಳವಾರ ಬೆಳಿಗ್ಗೆ ಐದೂವರೆಗೆ ಕಾರು ಹೊರಟಿತು. ನಾನು ಜೀಪಿನಲ್ಲಿ ಮಡಿಕೇರಿಯವರೆಗೆ ಹಿಂದೆಯೇ ಹೋದೆ. ಟೀಚರ್ ಕನ್ನಡಿಯಲ್ಲಿ ನೋಡಿದ್ದಾರೆ, ಯಾಕೆಂದರೆ ಎರಡೆರಡು ಸಲ ನೋಡುವವರು ಅವರು.  ತೀರಾ ಹತ್ತಿರ ಬರುತ್ತಿದ್ದೆ, ಮುಂದಿನ ಗಾಡಿಗೂ ನಿನ್ನ ಗಾಡಿಗೂ ಅಂತರ ಬೇಕು ಎಂದು ಮಾತ್ರ ಆಮೇಲೆ ಹೇಳಿದರು.

ಇನ್ನು ಅವರು ಕಾರನ್ನು ಬೇರೆ ಕಡೆ ಕೊಡುತ್ತಾರೆ ಎಂದು ನಾನು ಖಾತ್ರಿ ಮಾಡಿಕೊಂಡಿದ್ದೆ. ಮುಂದಿನ ಸರ್ವಿಸಿಗೆ ಕಾರು ಇಂಡಿಕೇಟರ್ ಹಾಕಿಕೊಂಡು ನನ್ನ ಅಂಗಳಕ್ಕೇ ಬಂತು. ಯಾಕೆ ಟೀಚರ್ ಎಂದು ಕೇಳಿಯೇಬಿಟ್ಟೆ.

“ಬೇರೆಯವರು ಎಲ್ಲೆಲ್ಲಿ ಸುಳ್ಳು ಬರೀತಾರೆ ಅಂತ ನಂಗೆ ಗೊತ್ತಿಲ್ಲ. ನಿಂದು ಎಲ್ಲಿ ಅಂತ ಗೊತ್ತಿದೆಯಲ್ಲ” ಎಂದರು.

ಪಂಚಾಕ್ಷರಪ್ಪನವರು ಅದಾದ ಮೇಲೆ ಎರಡೂವರೆ ವರ್ಷ ಬದುಕಿದ್ದರು. ಕಾರು ಒಂದು ಮಂಗಳವಾರವನ್ನೂ ಒಂದು ಶುಕ್ರವಾರವನ್ನೂ ತಪ್ಪಿಸಲಿಲ್ಲ. ರಸ್ತೆ ಜರಿದಾಗ ಸುತ್ತುಬಳಸಿ ಕುಶಾಲನಗರದ ಮೇಲೆ ಹೋಗಿ ಬಂದಿತು. ಬ್ಯಾಟರಿ ಸಾಯುವ ಮೊದಲೇ ಬ್ಯಾಟರಿ, ಬೆಲ್ಟು ಹರಿಯುವ ಮೊದಲೇ ಬೆಲ್ಟು ಬದಲಾಯಿಸಿಕೊಂಡಿತು. ಅವರು ತೀರಿಕೊಂಡದ್ದು ಒಂದು ಬುಧವಾರ, ಮನೆಯಲ್ಲೇ, ಕಾಫಿ ಕುಡಿಯುತ್ತಾ. ಊರಿಗೆ ವಿಷಯ ತಿಳಿದದ್ದು ಆಗ. ಮೊಯ್ದುಕಾಕ ಅಂಗಡಿ ಮುಚ್ಚಿ ಮಣ್ಣಿಗೆ ಬಂದಿದ್ದ.  “ನಾನು ಟೂರ್ ಅಂದೆನಲ್ಲ” ಎಂದು ಅಂಗಡಿಯ ಹತ್ತಿರ ಬಂದ ಮೇಲೆ ಹೇಳಿದ.

ಆಮೇಲೆ ಒಂದೆರಡು ತಿಂಗಳಿಗೆ ಟೀಚರ್ ಬಂದರು. ಮಾಮೂಲಿನಂತೆ ಬೆಂಚಿನಲ್ಲಿ ಕೂತು, ಒಂದು ವಿಚಾರ ಕೇಳಬೇಕಿತ್ತು ಎಂದರು. ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎಚ್ಚರವಾಗುತ್ತದೆ. ಶೆಡ್ಡಿಗೆ ಹೋಗಿ ಇಂಜಿನ್ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡುತ್ತಾರೆ, ಬ್ಯಾಟರಿ ಇಳಿಯಬಾರದಲ್ಲ. ಅಷ್ಟು ಸಾಕೇ? ಸಾಲದು ಎಂದೆ. ನಿಂತಲ್ಲೇ ಹತ್ತು ನಿಮಿಷ ಓಡಿದರೆ ಇಂಜಿನ್ನಿನೊಳಗೆ ಬೆವರಿದ ನೀರು ಆರುವುದಿಲ್ಲ, ಎಣ್ಣೆಯಲ್ಲಿ ಸೇರಿ ಕೆನೆಗಟ್ಟುತ್ತದೆ. ಎಣ್ಣೆ ಚೆನ್ನಾಗಿ ಬಿಸಿಯಾಗಬೇಕಾದರೆ ರಸ್ತೆಯಲ್ಲಿ ಅರ್ಧ ಗಂಟೆಯಾದರೂ ಓಡಿಸಬೇಕು. ಇದು ಅವರಿಗೆ ಗೊತ್ತಿಲ್ಲದ್ದಲ್ಲ. ಆದರೂ ಕೇಳಿಸಿಕೊಂಡು ತಲೆಯಾಡಿಸಿದರು.

“ಸರಿ. ಎಲ್ಲಿಗೆ ಹೋಗ್ಲಿ?”

ಆ ಪ್ರಶ್ನೆಗೆ ಕೈಪಿಡಿಯಲ್ಲಿ ಉತ್ತರವಿರಲಿಲ್ಲ. ಅದನ್ನು ಅವರೂ ನೋಡ ಹೋಗಿರಲಿಲ್ಲ ಅನ್ನಿಸುತ್ತದೆ. ಸೋಮವಾರಪೇಟೆಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ ಟೀಚರ್ ಎಂದೆ. ಹೋಗಿ ಬರತೊಡಗಿದರು. ಮುಂದಿನ ಸರ್ವಿಸಿಗೆ ಬಂದಾಗ ನೋಡಿದೆ. ಉದ್ದೇಶದ ಕಾಲಂನಲ್ಲಿ ಪ್ರತಿ ಮಂಗಳವಾರ, ಶುಕ್ರವಾರ ಅಂದವಾದ ಅಕ್ಷರದಲ್ಲಿ ಬರೆದಿತ್ತು: ‘ಎಣ್ಣೆ ಬಿಸಿಮಾಡಲು’.

ಮೂರು ವರ್ಷ ಹೀಗೆ ಎಣ್ಣೆ ಬಿಸಿಯಾಯಿತು. ಆಮೇಲೆ ಅವರ ಕಣ್ಣು ಕೈಕೊಡತೊಡಗಿತು. ಪೊರೆಯಲ್ಲ, ಒಳಗಿನ ನರದ್ದು, ಮಾಡುವುದಕ್ಕೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಲೈಸೆನ್ಸಿನವರು ಕೇಳುವ ಮೊದಲೇ ಟೀಚರ್ ತಮಗೆ ತಾವೇ ಪರೀಕ್ಷೆ ಮಾಡಿಕೊಂಡರು. ಇಪ್ಪತ್ತು ಮೀಟರು ಟೇಪು ಹಿಡಿದು ಅಳೆದು, ನಿಂತ ಗಾಡಿಯ ನಂಬರ್ ಪ್ಲೇಟು ಓದಲು ನೋಡಿದರು. ಮೊಯ್ದುಕಾಕನ ಜೀಪಿನ ನಂಬರು ಊರಿಗೆಲ್ಲ ಬಾಯಿಪಾಠ. ಅದಕ್ಕೇ ಅದನ್ನು ಬಿಟ್ಟು ಹೊರಗಿನ ಗಾಡಿಯೊಂದಕ್ಕೆ ಕಾದರು. ಓದಲಾಗಲಿಲ್ಲ. ಮರುದಿನ ಹದಿನೈದು ಕಿಲೋಮೀಟರ್ ವೇಗದಲ್ಲಿ ಗ್ಯಾರೇಜಿಗೆ ಬಂದು, ಬೆಂಚಿನ ಮೇಲೆ ಕೀ ಇಟ್ಟರು. ಫೇಲಾದೆ ಕಣೋ ಎಂದರು. ಅರಕಲಗೂಡಿನಲ್ಲಿ ತಂಗಿಯ ಮನೆ ಇದೆ, ಅಲ್ಲಿಗೆ ಹೋಗುತ್ತೇನೆ, ಕಾರು ನೀನೇ ಇಟ್ಟುಕೋ ಎಂದರು. ಬೇರೆಯವರು ತೆಗೆದುಕೊಂಡರೆ ಹೇಗೆ ನೋಡಿಕೊಳ್ಳುತ್ತಾರೋ ಎಂಬ ಚಿಂತೆ ತಮಗೆ ಬೇಡವಂತೆ. ನನ್ನ ಕೈಗೆ ಕೊಟ್ಟರೆ ಆ ಚಿಂತೆ ಇಲ್ಲ ಎಂದು ಅವರು ಹೇಳಲಿಲ್ಲ. ನಾನು ಹಾಗೆ ಅರ್ಥ ಮಾಡಿಕೊಂಡೆ.

ಅವರನ್ನು ಅರಕಲಗೂಡಿಗೆ ಬಿಡಲು ನಾನೇ ಹೋದೆ. ಎರಡು ಸೂಟ್‌ಕೇಸು, ಒಂದು ಗೋಣಿ ಕಾಫಿಪುಡಿ ಡಬ್ಬಗಳು. ಟೀಚರ್ ಎಡಗಡೆಯ ಸೀಟಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು. ಅವರ ಪಕ್ಕದಲ್ಲಿ ಕಾರು ಓಡಿಸುವುದೆಂದರೆ ಹತ್ತನೆಯ ತರಗತಿಯ ಬೋರ್ಡು ಪರೀಕ್ಷೆ. ನಾನು ಇಂಡಿಕೇಟರ್ ಹಾಕಿದೆ, ಕನ್ನಡಿ ಎರಡೆರಡು ಸಲ ನೋಡಿದೆ, ಕ್ಲಚ್ಚಿನಿಂದ ಕಾಲು ತೆಗೆದಿಟ್ಟೆ. ಕೊಡ್ಲಿಪೇಟೆ ದಾಟಿ ಹೆಚ್ಚು ದೂರ ಹೋಗಿರಲಿಲ್ಲ, ಮೀಟರಿನಲ್ಲಿ ಇಂಜಿನ್ನಿನ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಹನ್ನೆರಡು ವರ್ಷದಲ್ಲಿ ಆ ಕಾರಿನಲ್ಲಿ ಅದು ಹತ್ತಿದ್ದನ್ನು ನಾನು ನೋಡಿರಲಿಲ್ಲ. ಈಗ ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಲಿಲ್ಲ. ಒಂದೆರಡು ಸಲ ಆ ಕಡೆಗೇ ಮುಖ ತಿರುಗಿಸಿದರು, ಮತ್ತೆ ಕಿಟಕಿಯಾಚೆ ನೋಡಿದರು. ಕಾಣುತ್ತಿಲ್ಲ ಎಂದು ನನಗೆ ಹೊಳೆಯಲು ಇನ್ನೊಂದು ಮೈಲಿ ಬೇಕಾಯಿತು.

ತಂಗಿಯ ಮನೆಯ ಗೇಟಿನ ಮುಂದೆ ಇಳಿಯುವಾಗ, ಗಾಡಿ ಹೇಗಿದೆ ಎಂದು ಕೇಳಿದರು. ಸುಮ್ಮನೆ ಚೆನ್ನಾಗಿದೆ ಅಂದುಬಿಡಬಹುದಿತ್ತು.

“ಚೆಕ್ ಇಂಜಿನ್ ಲೈಟ್ ಬಂದಿದೆ ಟೀಚರ್” ಎಂದೆ.

ಅವರು ಬಾಗಿಲು ಹಿಡಿದು ಇಳಿದರು. “ಇರ್ಲಿ ಬಿಡು” ಎಂದರು. “ಊರು ಬಂತಲ್ಲ.”

ಅವರ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೊಂದೇ ಸಲ. ಬೈದಿದ್ದರೆ ಚೆನ್ನಾಗಿತ್ತು. ಆ ಹಳದಿ ದೀಪವನ್ನು ನೋಡಿಕೊಂಡು ಒಬ್ಬನೇ ವಾಪಸು ಬಂದೆ. ಆ ರಸ್ತೆ ಅಷ್ಟು ಉದ್ದವಿದೆ ಎಂದು ಹೋಗುವಾಗ ಅನ್ನಿಸಿರಲಿಲ್ಲ. ಮನೆಯಲ್ಲಿ ಹೆಂಡತಿ ಊಟಕ್ಕೆ ಕರೆದರೂ ಹಸಿವಿಲ್ಲ ಎಂದೆ.

ಮರುದಿನ ಬೆಳಿಗ್ಗೆ ನಾನು ಗ್ಯಾರೇಜಿನ ಬಾಗಿಲು ತೆಗೆಯುತ್ತಿರುವಾಗ ಫೋನು.

“ಕೋಡ್ ಎಷ್ಟು ಬಂತು?”

ಸ್ಕ್ಯಾನರು ಇನ್ನೂ ಹಾಕಿಲ್ಲ ಎಂದೆ. ಹಾಕು, ಕಾಯುತ್ತೇನೆ ಎಂದರು. ಫೋನು ಬಾನೆಟ್ಟಿನ ಮೇಲಿಟ್ಟು, ತೊಂದರೆಯ ಕೋಡು ಓದುವ ಸ್ಕ್ಯಾನರು ಚುಚ್ಚಿದೆ. ಪಿ ಸೊನ್ನೆ ಒಂದು ಮೂರು ಐದು ಎಂದು ಓದಿದೆ. ಆಕ್ಸಿಜನ್ ಸೆನ್ಸರಿನದು. ಸೆನ್ಸರ್ ಹೋಗಿದೆ, ಹಾಸನದಿಂದ ತರಿಸಬೇಕು ಎಂದು ನನ್ನ ಅನುಭವ ಹೇಳಲು ಹೊರಟಿತು. ಸೆನ್ಸರು ಬದಲಾಯಿಸುವ ಮುಂಚೆ ಅದರ ವೈರನ್ನು ಪೂರ್ತಿ ನೋಡು, ತುದಿಯಿಂದ ತುದಿಯವರೆಗೆ ಎಂದು ಅವರು ಹೇಳಿದರು. ಕಾರಿನಡಿ ಮಲಗಿ ನೋಡಿದರೆ ವೈರನ್ನು ಇಲಿ ಕಡಿದಿತ್ತು. ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ದೀಪ ಆರಿದ ಮೇಲೆ ಮಧ್ಯಾಹ್ನ ನಾನೇ ಫೋನು ಮಾಡಿ, ಇಲಿ ಟೀಚರ್ ಎಂದೆ. ಎಷ್ಟುದ್ದ ವೈರು ಹಾಕಿದೆ ಎಂದು ಕೇಳಿದರು. ಹದಿನಾಲ್ಕು ಸೆಂಟಿಮೀಟರು ಎಂದೆ. ಅಳೆದೇ ಹೇಳಿದ್ದೆ. ಹಾಗಾದರೆ ಸರಿ ಎಂದು ಇಟ್ಟರು.

ಆ ಮಳೆಗಾಲ ಮುಗಿಯುವುದರೊಳಗೆ ಅವರು ಹೋದರು. ಜ್ವರ ಬಂದು ನಾಲ್ಕೇ ದಿನವಂತೆ. ತಂಗಿ ಫೋನು ಮಾಡಿ ತಿಳಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಾಗಾಗಿ ಅವರಿಗೆ ನಾನು ಕೊನೆಯದಾಗಿ ಹೇಳಿದ್ದು ಇಲಿಯ ಸಮಾಚಾರ. ಬೇರೇನಾದರೂ ಹೇಳಬಹುದಿತ್ತಲ್ಲ, ಹೇಳಬೇಕಾದದ್ದು ಎಷ್ಟೊಂದು ಇತ್ತಲ್ಲ ಎಂದು ಆಗಾಗ ಅನ್ನಿಸುತ್ತದೆ. ಆದರೆ ನಾನು ಅವರನ್ನು ಬಲ್ಲೆ. ಬೇರೇನನ್ನಾದರೂ ಹೇಳತೊಡಗಿದ್ದರೆ, ಮೊದಲು ಕೆಲಸದ ವಿಷಯ ಮುಗಿಸು ಎನ್ನುತ್ತಿದ್ದರು.